ದುಃಖದ ಬ್ಲ್ಯಾಕ್ ಮೆಟಲ್ ಕೇಳೋದು ಹೇಗೆ: ಒಬ್ಬ ಸೌಂಡ್ ಸಿಸ್ಟಮ್‌ನವನ ಸಲಹೆ

ಮೊದಲು ವಾಲ್ಯೂಮ್ ಇಳಿಸಿ. ಮೆಟಲ್ ಅಂದರೆ ಗಿಟಾರ್, ಡ್ರಮ್‌ಗಳ ಅಬ್ಬರದ ರಾಕ್ ಸಂಗೀತ. ಅದರ ಹೆಸರು ಕೇಳಿದ ಕೂಡಲೇ ಎಲ್ಲರ ಕೈಯೂ ನಾಬ್ ತಿರುಗಿಸಲು ಹೋಗುತ್ತದೆ. ಈ ಬಗೆಯ ಮೆಟಲ್‌ಗೆ ಅದು ಬೇಕಿಲ್ಲ. ಹಾಡು ನಡೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಯಾರಾದರೂ ಮಾತಾಡಿದರೆ ನಿಮಗೆ ಕೇಳಿಸಬೇಕು. ಅಷ್ಟರಲ್ಲೇ ಇಡಿ. ಹತ್ತು ನಿಮಿಷ ಕಳೆದು ಕಿವಿ ಹೊಂದಿಕೊಂಡ ಮೇಲೆ ಬೇಕಾದರೆ ಚೂರು ಏರಿಸಿಕೊಳ್ಳಿ.

ನಾನು ಶಿವಮೊಗ್ಗದಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವನು. ಮದುವೆ, ಗಣಪತಿ, ಆರ್ಕೆಸ್ಟ್ರಾ, ಶಾಲೆಯ ವಾರ್ಷಿಕೋತ್ಸವ, ಎಲ್ಲ ಕಡೆ ನನ್ನ ಕೆಲಸ ಒಂದೇ. ಮಾತು ಸ್ಪಷ್ಟವಾಗಿ ಕೇಳಿಸಬೇಕು, ಮೈಕ್ ಕುಯ್ ಅನ್ನಬಾರದು. ಇಂಥವನಿಗೆ ಬೇಕಂತಲೇ ಕೆಡಿಸಿ ರೆಕಾರ್ಡ್ ಮಾಡಿದ ಸಂಗೀತ ಹೇಗೆ ಹಿಡಿಸಿತು ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅವರಲ್ಲಿ ಕೆಲವರು ಈಚೆಗೆ "ನಾವೂ ಕೇಳಿ ನೋಡ್ತೀವಿ, ಎಲ್ಲಿಂದ ಶುರು ಮಾಡ್ಬೇಕು ಹೇಳು" ಅಂದರು. ಅವರಿಗೆ ಹೇಳಿದ್ದನ್ನೇ ಚೂರು ವಿವರವಾಗಿ ಬರೆಯುತ್ತಿದ್ದೇನೆ.

ಬ್ಲ್ಯಾಕ್ ಮೆಟಲ್ ಅನ್ನೋ ಹೆಸರು ಬಂದಿದ್ದು ಇಂಗ್ಲೆಂಡಿನ ವೆನಮ್ ಬ್ಯಾಂಡಿನ 1982ರ ಆಲ್ಬಮ್‌ನಿಂದ. ಆದರೆ ಇವತ್ತು ಆ ಹೆಸರು ಕೇಳಿದರೆ ನೆನಪಾಗುವ ಸದ್ದು ಹುಟ್ಟಿದ್ದು 1990ರ ದಶಕದ ಶುರುವಿನಲ್ಲಿ, ನಾರ್ವೆಯಲ್ಲಿ. ಮುಖಕ್ಕೆ ಹೆಣದ ಹಾಗೆ ಬಿಳಿ ಕಪ್ಪು ಬಣ್ಣ, ಸೈತಾನನ ಮಾತು, ಮೈತುಂಬ ಮೊಳೆ. ಅದನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ನಾನು ಹೇಳುತ್ತಿರುವುದು ಅಲ್ಲಿಂದ ಒಡೆದ ಎರಡು ಕವಲುಗಳ ಬಗ್ಗೆ. ಒಂದನ್ನು ಅಟ್ಮಾಸ್ಫೆರಿಕ್ ಅನ್ನುತ್ತಾರೆ. ಅದರಲ್ಲಿ ಕಾಡು, ಹಿಮ, ಬೆಟ್ಟ, ಮಳೆ. ಇನ್ನೊಂದು ಡಿಪ್ರೆಸಿವ್. ಅದರಲ್ಲಿ ಒಂದು ಕೋಣೆ, ಒಬ್ಬ ಮನುಷ್ಯ. ಎರಡಕ್ಕೂ ನಡುವೆ ಗೋಡೆ ಏನಿಲ್ಲ, ಒಂದೇ ಬ್ಯಾಂಡು ಎರಡೂ ಕಡೆ ಓಡಾಡುತ್ತದೆ.

ಖಾಲಿ ಮಂಟಪದ ಲೆಕ್ಕ

ಮದುವೆಯ ಕೆಲಸ ಇದ್ದರೆ ನಾವು ಹಿಂದಿನ ದಿನವೇ ಕಲ್ಯಾಣ ಮಂಟಪಕ್ಕೆ ಹೋಗಿ ಬಾಕ್ಸ್ ಜೋಡಿಸುತ್ತೇವೆ. ಆಗ ಹಾಲ್ ಪೂರ್ತಿ ಖಾಲಿ. ಮೈಕ್ ಹಿಡಿದು "ಹಲೋ, ಚೆಕ್" ಅಂದರೆ ಆ ದನಿ ಹಿಂದಿನ ಗೋಡೆಗೆ ಬಡಿದು, ಚಾವಣಿಗೆ ಬಡಿದು, ನಾನು ಬಾಯಿ ಮುಚ್ಚಿದ ಮೇಲೂ ಹಾಲ್ ತುಂಬ ತಿರುಗುತ್ತಿರುತ್ತದೆ. ಮರುದಿನ ಮುಹೂರ್ತದ ಹೊತ್ತಿಗೆ ಅದೇ ಮೈಕ್, ಅದೇ ಮಿಕ್ಸರ್, ಸೆಟ್ಟಿಂಗ್ ಕೂಡ ಅದೇ. ಆದರೆ ಆ ಗುಂಯ್‌ಗುಡುವಿಕೆ ಇಲ್ಲ. ಜನರ ಮೈ, ಸೀರೆ, ಶಾಲು ಎಲ್ಲವೂ ಶಬ್ದವನ್ನು ಕುಡಿದುಬಿಡುತ್ತವೆ.

ಇದು ನಮ್ಮ ಕಿವಿಗೆ ಯಾರೂ ಕಲಿಸದೆ ಗೊತ್ತಿರುವ ಲೆಕ್ಕ. ದನಿ ತುಂಬಾ ಹೊತ್ತು ತಿರುಗುತ್ತಿದೆ ಅಂದರೆ ಜಾಗ ದೊಡ್ಡದು, ಅಲ್ಲಿ ಜನ ಇಲ್ಲ. ಈ ಸಂಗೀತದವರು ರಿವರ್ಬ್, ಅಂದರೆ ಹೀಗೆ ತಿರುಗುವ ಗುಂಯ್‌ಗುಡುವಿಕೆ, ಸುರಿಯೋದು ಇದಕ್ಕೇ. ಸಿನಿಮಾ ಹಾಡಿನಲ್ಲಿ ಗಾಯಕ ನಿಮ್ಮ ಕಿವಿಯ ಪಕ್ಕದಲ್ಲೇ ನಿಂತಿರುತ್ತಾನೆ. ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ವಾದ್ಯಗಳೆಲ್ಲ ಅವನ ಹಿಂದೆ. ಇಲ್ಲಿ ತದ್ವಿರುದ್ಧ. ಗಿಟಾರ್‌ಗಳು ಮುಂದೆ ಪರದೆಯಂತೆ ನಿಂತಿರುತ್ತವೆ, ಹಾಡುವವನು ಅದರ ಆಚೆ, ಹಾಲ್‌ನ ಆ ತುದಿಯಲ್ಲಿ. ಅವನು ನಿಮ್ಮ ಹತ್ತಿರ ಬರುವುದಿಲ್ಲ, ನೀವೇ ಅವನ ಕಡೆ ಹೋಗಬೇಕು. ಹಾಡಿನ ಮಾತು ಅರ್ಥವಾಗುವ ಮುಂಚೆ, ರಾಗ ಹಿಡಿಯುವ ಮುಂಚೆಯೇ ದುಃಖ ಶುರುವಾಗಿರುತ್ತದೆ. ಅದು ಬರೀ ಆ ದೂರದಿಂದಲೇ ಹುಟ್ಟಿದ್ದು.

ಆದ್ದರಿಂದ ಮೊದಲ ಸಲ ಕೇಳುವಾಗ ಹಾಡು ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನಿಸಲು ಹೋಗಬೇಡಿ. ಕಣ್ಣು ಮುಚ್ಚಿ. ಈ ದನಿ ನನ್ನಿಂದ ಎಷ್ಟು ದೂರದಲ್ಲಿದೆ? ಆ ಜಾಗ ಎಷ್ಟು ದೊಡ್ಡದು? ಅಲ್ಲಿ ಇನ್ಯಾರಾದರೂ ಇದ್ದಾರಾ? ಇಷ್ಟು ಗಮನಿಸಿ ಸಾಕು.

ನಾರ್ವೆಯಿಂದ ಶುರು ಮಾಡಬೇಡಿ

ಎಲ್ಲರೂ ಇತಿಹಾಸದ ಕ್ರಮದಲ್ಲಿ ಕೇಳಲು ಹೋಗುತ್ತಾರೆ, ಮೂರನೇ ಹಾಡಿಗೆ ಸುಸ್ತಾಗಿ ಬಿಡುತ್ತಾರೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಅಗಲಾಕ್ ಬ್ಯಾಂಡಿನಿಂದ ಶುರು ಮಾಡಿ. 2002ರ 'ದಿ ಮ್ಯಾಂಟಲ್' ಆಲ್ಬಮ್. ಕವರಿನ ಮೇಲೆ ಇರುವುದು ಅದೇ ಊರಿನ ಒಂದು ಎಲ್ಕ್ ಪ್ರತಿಮೆ, ಕೊಂಬಿನ ದೊಡ್ಡ ಜಿಂಕೆ ಅಂದುಕೊಳ್ಳಿ. ಇದರಲ್ಲಿ ಅಕೂಸ್ಟಿಕ್ ಗಿಟಾರ್ ಜಾಸ್ತಿ, ಕಿರುಚಾಟ ಕಡಿಮೆ. ನಡುವೆ ಸಾದಾ ದನಿಯ ಹಾಡುಗಾರಿಕೆಯೂ ಇದೆ. ಒಂದು ಹಾಡು ಹದಿನೈದು ನಿಮಿಷದ ಹತ್ತಿರ ಹೋಗುತ್ತದೆ. ಗಾಬರಿ ಬೇಡ, ನಿಧಾನಕ್ಕೆ ನಡೆದುಕೊಂಡು ಹೋಗುವ ಹಾಡು ಅದು.

ಅದು ಹಿಡಿಸಿದರೆ ಎರಡನೆಯದು ವುಲ್ವ್ಸ್ ಇನ್ ದ ಥ್ರೋನ್ ರೂಮ್. ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದ ಕಡೆಯವರು. ಏರನ್ ಮತ್ತು ನೇಥನ್ ವೀವರ್ ಅನ್ನೋ ಅಣ್ಣತಮ್ಮಂದಿರು ಕಟ್ಟಿದ ಬ್ಯಾಂಡು. 2007ರ 'ಟೂ ಹಂಟರ್ಸ್' ತೆಗೆದುಕೊಳ್ಳಿ, ನಾಲ್ಕೇ ಹಾಡು. ಅದರಲ್ಲಿ 'ಕ್ಲೆನ್ಸಿಂಗ್' ಶುರುವಾಗುವುದು ಜೆಸಿಕಾ ಕೆನಿ ಎಂಬ ಗಾಯಕಿಯ ದನಿಯಿಂದ. ಮೆಟಲ್ ಅನ್ನುವ ಗುರುತೇ ಇರುವುದಿಲ್ಲ. ಆ ದನಿ ತನ್ನ ಪಾಡಿಗೆ ಏರುತ್ತಾ ಇಳಿಯುತ್ತಾ ಹೋಗುತ್ತದೆ, ಹಿಂದೆ ಡ್ರಮ್ ನಿಧಾನಕ್ಕೆ. ನಿಮಗೆ ಇನ್ನೇನು ಹಾಡು ಹೀಗೇ ಮುಗಿಯುತ್ತದೆ ಅನ್ನಿಸುವಾಗ ಗಿಟಾರ್, ಡ್ರಮ್, ಕಿರುಚು ಎಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ. ಮೊದಲ ಸಲ ಕೇಳುವವರು ಇಲ್ಲಿ ಬೆಚ್ಚುತ್ತಾರೆ. ಇನ್ನೊಮ್ಮೆ ಕೇಳಿ. ಆ ಅಬ್ಬರದ ಕೆಳಗೆ ಮೊದಲಿನ ನಿಧಾನ ಇನ್ನೂ ಇದೆ ಅನ್ನೋದು ಗೊತ್ತಾಗುತ್ತದೆ.

ಕೈ ಓಡುತ್ತದೆ, ಹಾಡು ಓಡುವುದಿಲ್ಲ

ಈ ಸಂಗೀತ ಅರ್ಥವಾಗುವುದೂ ಆಗದಿರುವುದೂ ಈ ಒಂದು ವಿಷಯದ ಮೇಲೆ ನಿಂತಿದೆ ಅಂತ ನನ್ನ ಅನಿಸಿಕೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಡ್ರಮ್ ಬಾರಿಸುವವನು ಬ್ಲಾಸ್ಟ್ ಬೀಟ್ ಹೊಡೆಯುತ್ತಾನೆ. ಕಾಲಿನ ಬಾಸ್ ಡ್ರಮ್, ಕೈಯ ಸ್ನೇರ್ ಡ್ರಮ್, ತಟ್ಟೆಯಂಥ ಸಿಂಬಲ್ ಮೂರೂ ಮಷಿನ್‌ಗನ್ ವೇಗದಲ್ಲಿ. ಗಿಟಾರ್‌ನವನು ಟ್ರೆಮೊಲೊ ಪಿಕಿಂಗ್ ಮಾಡುತ್ತಾನೆ. ಅಂದರೆ ಒಂದೇ ಸ್ವರದ ಮೇಲೆ ಪಿಕ್ಕನ್ನು ಮೇಲೆ ಕೆಳಗೆ, ಮೇಲೆ ಕೆಳಗೆ, ಎಣಿಸಲಾಗದಷ್ಟು ಬೇಗ ಆಡಿಸುವುದು. ಅದಕ್ಕೆ ಡಿಸ್ಟಾರ್ಷನ್, ಅಂದರೆ ಬೇಕಂತಲೇ ಒಡೆಸಿದ ಕರಕರ ಸದ್ದು, ಬೇರೆ ಸೇರಿಸಿದರೆ ಒಂದೊಂದು ಹೊಡೆತ ಬೇರೆ ಬೇರೆಯಾಗಿ ಕೇಳಿಸುವುದೇ ಇಲ್ಲ. ಎಲ್ಲ ಕರಗಿ ಒಂದೇ ಉದ್ದನೆಯ ಸ್ವರ ಆಗುತ್ತದೆ, ಪಿಟೀಲಿನ ಕಮಾನು ಎಳೆದ ಹಾಗೆ. ಈಗ ಆ ಉದ್ದನೆಯ ಸ್ವರ ಎಷ್ಟು ಹೊತ್ತಿಗೆ ಬದಲಾಗುತ್ತದೆ ಅಂತ ಗಮನಿಸಿ. ನಾಲ್ಕು ಸೆಕೆಂಡಿಗೆ, ಆರು ಸೆಕೆಂಡಿಗೆ ಒಂದು ಸಲ. ಕೈಗಳು ಬೆವರು ಸುರಿಸಿ ಓಡುತ್ತಿವೆ, ರಾಗ ಮಾತ್ರ ಜೋಗುಳದಷ್ಟು ನಿಧಾನ.

ಒಂದು ಅಭ್ಯಾಸ ಹೇಳುತ್ತೇನೆ. ನಾರ್ವೆಯ ಡಾರ್ಕ್‌ಥ್ರೋನ್ ಬ್ಯಾಂಡಿನ 1994ರ 'ಟ್ರಾನ್ಸಿಲ್ವೇನಿಯನ್ ಹಂಗರ್' ಆಲ್ಬಮ್‌ನ ಮೊದಲ ಹಾಡು ಹಾಕಿ. ಇದರಲ್ಲಿ ಎಲ್ಲ ವಾದ್ಯಗಳನ್ನೂ ಫೆನ್‌ರಿಜ್ ಒಬ್ಬನೇ ನುಡಿಸಿದ್ದು, ನಾಲ್ಕು ಟ್ರ್ಯಾಕಿನ, ಅಂದರೆ ಬೇರೆ ಬೇರೆಯಾಗಿ ನಾಲ್ಕೇ ಸದ್ದು ತುಂಬಬಹುದಾದ ಪುಟ್ಟ ರೆಕಾರ್ಡರಿನಲ್ಲಿ. ನೊಕ್ಟರ್ನೊ ಕುಲ್ಟೊ ದನಿ ಕೊಟ್ಟಿದ್ದಾನೆ. ಆರು ನಿಮಿಷ ಡ್ರಮ್ ಹೆಚ್ಚು ಕಡಿಮೆ ಒಂದೇ ರೀತಿ ಹೊಡೆದುಕೊಳ್ಳುತ್ತದೆ. ನೀವು ಡ್ರಮ್‌ಗೆ ತಾಳ ಹಾಕಬೇಡಿ. ಗಿಟಾರ್ ಸ್ವರ ಬದಲಾದಾಗ ಮಾತ್ರ ಬೆರಳಿಂದ ಮೇಜು ತಟ್ಟಿ. ಎರಡು ನಿಮಿಷದಲ್ಲಿ ಡ್ರಮ್ ಹಿಂದಕ್ಕೆ ಸರಿದು ಬರೀ ಆ ನಿಧಾನದ ಏರಿಳಿತ ಉಳಿಯುತ್ತದೆ. ಅದು ಸಿಕ್ಕಿದ ದಿನ ನಿಮಗೆ ಈ ಸಂಗೀತದ ಬಾಗಿಲು ತೆರೆಯಿತು ಅಂತ ಲೆಕ್ಕ.

ನನ್ನ ಜೊತೆ ಕೆಲಸಕ್ಕೆ ಬರುವ ಹುಡುಗ ಇದನ್ನು ಮೊದಲು ಕೇಳಿದ್ದು ರಾತ್ರಿ ಎರಡು ಗಂಟೆಗೆ, ರಿಪ್ಪನ್‌ಪೇಟೆಯ ಕಡೆಯಿಂದ ಲೋಡ್ ಹಾಕಿಕೊಂಡು ವಾಪಸ್ ಬರುವಾಗ, ನಮ್ಮ ಟಾಟಾ ಏಸ್‌ನಲ್ಲಿ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅಣ್ಣಾ, ಸ್ಪೀಕರ್ ಕೋನ್ ಹರಿದಿದೆ ಅನ್ಸುತ್ತೆ" ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಸುಬಿನಲ್ಲಿ ಇಂಥ ಸದ್ದು ಬಂದರೆ ಸ್ಕ್ರೂಡ್ರೈವರ್ ತೆಗೆಯುತ್ತೇವೆ.

ಮಾತು ಹುಡುಕಬೇಡಿ

ಕಿರುಚುವ ದನಿಯಲ್ಲಿ ಏನು ಹೇಳುತ್ತಿದ್ದಾರೆ ಅಂತ ಬಹಳ ಜನ ಲಿರಿಕ್ಸ್ ತೆರೆದು ಕೂರುತ್ತಾರೆ. ಮೊದಲ ಕೆಲವು ಸಲ ಬೇಡ. ಇಂಗ್ಲಿಷ್ ಹಾಡು ಹಾಡಿದರೂ ಇಂಗ್ಲಿಷ್ ಬಲ್ಲವರಿಗೇ ಅದು ತಿಳಿಯುವುದಿಲ್ಲ. ಇನ್ನು ನಾರ್ವೇಜಿಯನ್, ಉಕ್ರೇನಿಯನ್, ಫ್ರೆಂಚ್ ಹಾಡುಗಳ ಕಥೆ ಕೇಳುವುದೇ ಬೇಡ.

ದುಃಖದ ಹಾಡು ಯಾಕಪ್ಪಾ ಬೇಕು ಅನ್ನುವವರಿಗೆ ನಾನು ಯಕ್ಷಗಾನ ನೆನಪಿಸುತ್ತೇನೆ. ಹರಿಶ್ಚಂದ್ರನ ಪ್ರಸಂಗದಲ್ಲಿ ಚಂದ್ರಮತಿ ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡು ಅಳುವುದನ್ನು ನೋಡಲು ಜನ ರಾತ್ರಿಯಿಡೀ ಚಾಪೆ ಹಾಸಿಕೊಂಡು ಕೂರುತ್ತಾರೆ. ಕರುಣ ರಸ ನಮಗೇನೂ ಹೊಸದಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಚಂದ್ರಮತಿಗೆ ಹೆಸರಿದೆ, ಕಾರಣ ಇದೆ. ಆಮೇಲೆ ದೇವರು ಬಂದು ಮಗನನ್ನು ಬದುಕಿಸುತ್ತಾನೆ ಅನ್ನೋದೂ ಗೊತ್ತು. ಈ ಹಾಡುಗಳಲ್ಲಿ ಅಳುತ್ತಿರುವುದು ಯಾರು, ಯಾಕೆ, ಏನೂ ತಿಳಿಯದು. ಹಾಗಾಗಿ ನೀವು ಹೊತ್ತುಕೊಂಡು ಬಂದ ಕಾರಣವೇ ಅಲ್ಲಿ ಹೋಗಿ ಕೂರುತ್ತದೆ. ಅದು ಎಷ್ಟು ಸಣ್ಣದಿದ್ದರೂ ಆಗುತ್ತದೆ, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದಾದರೂ ಆಗುತ್ತದೆ.

ನನಗೆ ಇದು ಗಟ್ಟಿಯಾಗಿ ಗೊತ್ತಾಗಿದ್ದು 2020ರಲ್ಲಿ. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಬುಕ್ ಆಗಿದ್ದ ಮದುವೆಗಳೆಲ್ಲ ರದ್ದು, ತಗೊಂಡಿದ್ದ ಅಡ್ವಾನ್ಸ್ ವಾಪಸ್. ಬಾಕ್ಸ್‌ಗಳೆಲ್ಲ ಗೋಡೌನಿನಲ್ಲಿ ತಾಡಪಾಲಿನ ಕೆಳಗೆ. ಮಳೆಗಾಲ ಶುರುವಾದ ಮೇಲೆ ಇನ್ನೊಂದು ತಲೆನೋವು. ನಮ್ಮ ಕಡೆಯ ಥಂಡಿಗೆ ಸ್ಪೀಕರ್‌ಗಳನ್ನು ಹಾಗೇ ಬಿಟ್ಟರೆ ಕೋನಿಗೆ ಬೂಸ್ಟು ಹಿಡಿಯುತ್ತದೆ, ಆಂಪ್ಲಿಫೈಯರ್ ಒಳಗೆ ತುಕ್ಕು. ಆಗಾಗ ಕರೆಂಟು ಕೊಟ್ಟು ಏನಾದರೂ ನುಡಿಸಲೇಬೇಕು. ಹಾಗಾಗಿ ಸಂಜೆ ಹೋಗಿ ಒಂದು ಜೋಡಿ ಟಾಪ್ ಸ್ಪೀಕರ್ ಹೊರಗೆ ತೆಗೆದು, ಸಣ್ಣ ಸದ್ದಿನಲ್ಲಿ ಇವನ್ನೇ ಹಾಕಿಕೊಂಡು ಕೇಬಲ್ ಸುತ್ತುತ್ತಾ ಕೂರುತ್ತಿದ್ದೆ. ಫೋನ್ ಮಾಡಿದವರೆಲ್ಲ "ಎಲ್ಲಾ ಸರಿ ಹೋಗುತ್ತೆ ಬಿಡೋ" ಅನ್ನುತ್ತಿದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಹಾಗಂದ ಕೂಡಲೇ ನಾನೂ "ಹೌದೌದು" ಅನ್ನಬೇಕಿತ್ತು. ಅದೊಂದು ಕೆಲಸ. ಚಲನಚಿತ್ರದ ಶೋಕಗೀತೆ ಕೇಳಿದರೂ ಅಷ್ಟೇ, ಕೊನೆಯ ಚರಣದಲ್ಲಿ ಏನೋ ಒಂದು ಬುದ್ಧಿಮಾತು ಬಂದೇ ಬರುತ್ತದೆ. ಈ ಸಂಗೀತ ನನ್ನಿಂದ ಏನೂ ಕೇಳಲಿಲ್ಲ. ಹಾಡುವವನು ಎಲ್ಲೋ ಆ ತುದಿಯಲ್ಲಿ ಕೂಗುತ್ತಿದ್ದ, ನಾನು ಈ ತುದಿಯಲ್ಲಿ ಕೇಬಲ್ ಸುತ್ತುತ್ತಿದ್ದೆ.

ಇದಕ್ಕೆ ಸಂಶೋಧನೆಯ ಬೆಂಬಲವೂ ಚೂರು ಇದೆ. 2014ರಲ್ಲಿ ಲೀಲಾ ತರುಫಿ ಮತ್ತು ಸ್ಟೆಫನ್ ಕೋಲ್ಶ್ ಬರ್ಲಿನ್‌ನಿಂದ 772 ಜನರನ್ನು ದುಃಖದ ಸಂಗೀತದ ಬಗ್ಗೆ ಕೇಳಿದರು. ಆ ಸಂಗೀತ ಕೇಳುವಾಗ ಏನನ್ನಿಸುತ್ತದೆ ಅಂದರೆ ಬಹಳ ಜನ ಹೇಳಿದ್ದು ದುಃಖ ಅಂತಲ್ಲ, ಹಳೆಯದರ ನೆನಪಿನ ಹಂಬಲ ಅಂತ. ನೆಮ್ಮದಿ, ಮೃದುತ್ವ ಕೂಡ ಪಟ್ಟಿಯಲ್ಲಿತ್ತು. ಮರುವರ್ಷ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲೀಯಾ ಶಾರ್ಮನ್ ಮತ್ತು ಜೆನಿವೀವ್ ಡಿಂಗಲ್, ಅಬ್ಬರದ ಮೆಟಲ್ ಕೇಳುವ 39 ಜನರಿಗೆ ಬೇಕಂತಲೇ ಸಿಟ್ಟು ಬರಿಸಿ, ಆಮೇಲೆ ಕೆಲವರಿಗೆ ಅವರಿಷ್ಟದ ಹಾಡು ಹಾಕಿ ಹತ್ತು ನಿಮಿಷ ಕೂರಿಸಿದರು. ಹಾಡು ಕೇಳಿದವರ ಸಿಟ್ಟು ಹೆಚ್ಚಲಿಲ್ಲ, ಇಳಿಯಿತು. ಸುಮ್ಮನೆ ಕೂತವರಷ್ಟೇ ಇವರೂ ಹಗುರಾದರು. 39 ಜನ ಅಂದರೆ ಸಣ್ಣ ಗುಂಪು, ಅದೂ ಮೊದಲೇ ಮೆಟಲ್ ಹುಚ್ಚಿರುವವರು. ನಮ್ಮಮ್ಮನನ್ನು ಕೂರಿಸಿದರೆ ಬೇರೆ ಫಲಿತಾಂಶ ಬರುತ್ತದೆ. "ಯಾರಿಗೋ ಹುಷಾರಿಲ್ವೇನೋ, ನಿಲ್ಸೋ ಅದನ್ನ" ಅನ್ನುವುದು ಅವರ ವಿಮರ್ಶೆ.

ಕೆಟ್ಟ ಮೈಕಿನ ಆಲ್ಬಮ್

ಈಗ ನಾರ್ವೆಗೆ ಹೋಗಬಹುದು. ಬರ್ಜುಮ್ ಅನ್ನೋ ಹೆಸರಿನಲ್ಲಿ ವರ್ಗ್ ವಿಕರ್ನೆಸ್ ಒಬ್ಬನೇ ಮಾಡಿದ 'ಫಿಲೊಸೊಫೆಮ್'. ರೆಕಾರ್ಡ್ ಆಗಿದ್ದು 1993ರ ಮಾರ್ಚ್, ಹೊರಬಂದಿದ್ದು 1996ರ ಜನವರಿ. ನನ್ನಂಥವನಿಗೆ ಇದರ ತಯಾರಿಯ ಕಥೆಯೇ ಒಂದು ಪಾಠ. ಅವನೇ ಹೇಳಿಕೊಂಡ ಪ್ರಕಾರ, ಸ್ಟುಡಿಯೋದಲ್ಲಿ ಇರುವುದರಲ್ಲೇ ಅತ್ಯಂತ ಕೆಟ್ಟ ಮೈಕ್ ಕೊಡಿ ಅಂತ ಕೇಳಿ, ಹೆಡ್‌ಸೆಟ್ಟಿನ ಮೈಕಿನಲ್ಲಿ ಹಾಡಿದ್ದಾನೆ. ಗಿಟಾರ್‌ಗೆ ಗಿಟಾರ್ ಆಂಪ್ಲಿಫೈಯರ್ ಹಾಕಿಲ್ಲ, ಅಣ್ಣನ ಮನೆಯ ಸ್ಟೀರಿಯೋಗೆ ಗಿಟಾರ್ ಸದ್ದನ್ನು ಒರಟು ಮಾಡುವ ಹಳೆಯ ಫಜ್ ಪೆಡಲ್ ಚುಚ್ಚಿ ನುಡಿಸಿದ್ದು. ಗಿಟಾರ್ ಸದ್ದು ಜೇನುಗೂಡಿನ ಹತ್ತಿರ ಕಿವಿ ಇಟ್ಟಷ್ಟು ಗುಂಯ್‌ಗುಡುತ್ತದೆ. ಅದರ ಮೇಲೆ ಕೀಬೋರ್ಡಿನ ನಾಲ್ಕಾರು ಸ್ವರ, ಮಕ್ಕಳೂ ನುಡಿಸಬಹುದಾದಷ್ಟು ಸರಳ, ಬಂದದ್ದೇ ಮತ್ತೆ ಬರುತ್ತದೆ. ಕೆಳಗೆ ಕೊಳಕು, ಮೇಲೆ ಆ ಪುಟ್ಟ ಶುದ್ಧ ಸ್ವರಗಳು. ಎರಡರಲ್ಲಿ ಒಂದನ್ನು ತೆಗೆದರೂ ಇನ್ನೊಂದಕ್ಕೆ ಬೆಲೆ ಇಲ್ಲ. ಗಿಟಾರನ್ನು ಚೊಕ್ಕ ಮಾಡಿಬಿಟ್ಟರೆ ಕೀಬೋರ್ಡು ಆಟಿಕೆಯ ಸದ್ದಾಗುತ್ತದೆ.

ಅದೇ ಆಲ್ಬಮ್‌ನಲ್ಲಿ ಇಪ್ಪತ್ತೈದು ನಿಮಿಷದ ಕೀಬೋರ್ಡ್ ಹಾಡು ಒಂದಿದೆ. ಡ್ರಮ್ ಇಲ್ಲ, ಕೂಗಾಟ ಇಲ್ಲ. ಅದನ್ನು ಮೊದಲ ಸುತ್ತಿನಲ್ಲಿ ಬಿಟ್ಟು ಮುಂದೆ ಹೋದರೂ ನಷ್ಟವಿಲ್ಲ. ಕವರಿನ ಮೇಲಿರುವುದು ನಾರ್ವೆಯ ಚಿತ್ರಕಾರ ಥಿಯೊಡೋರ್ ಕಿಟ್ಟೆಲ್ಸನ್ 1900ರಲ್ಲಿ ಬರೆದ ಚಿತ್ರ. ಬೆಟ್ಟದ ಬುಡದಲ್ಲಿ ನಿಂತು ಒಂದು ಉದ್ದನೆಯ ಕೊಂಬು ಊದುವುದು. ಹಾಡು ಹಾಕಿಕೊಂಡು ಆ ಚಿತ್ರ ನೋಡಿ.

ಈ ಮನುಷ್ಯನ ವಿಷಯ ಮುಚ್ಚಿಟ್ಟು ಆಲ್ಬಮ್ ಮಾತ್ರ ಹೊಗಳುವುದು ಸರಿಯಲ್ಲ. 1993ರ ಆಗಸ್ಟ್‌ನಲ್ಲಿ ಅವನು ಮೇಹೆಮ್ ಬ್ಯಾಂಡಿನ ಗಿಟಾರ್‌ವಾದಕ ಓಯ್‌ಸ್ಟೈನ್ ಆರ್ಸೆತ್‌ನನ್ನು ಇರಿದು ಕೊಂದ. ಆ ಕೊಲೆಗೆ ಮತ್ತು ಚರ್ಚ್‌ಗಳಿಗೆ ಬೆಂಕಿ ಇಟ್ಟಿದ್ದಕ್ಕೆ 1994ರಲ್ಲಿ 21 ವರ್ಷ ಶಿಕ್ಷೆ ಆಯಿತು, 2009ರಲ್ಲಿ ಹೊರಬಂದ. ಜನಾಂಗದ್ವೇಷದ ಮಾತುಗಳನ್ನು ಬಹಿರಂಗವಾಗಿಯೇ ಆಡಿದವನು. ನಾನು ಆ ಆಲ್ಬಮ್ ಕೇಳುತ್ತೇನೆ, ಅವನಿಗೆ ದುಡ್ಡು ಹೋಗುವ ಹಾಗೆ ಏನನ್ನೂ ಕೊಳ್ಳುವುದಿಲ್ಲ. ನೀವು ಕೇಳುವುದೇ ಬೇಡ ಅಂದುಕೊಂಡರೆ ಅದೂ ಸರಿ, ಇದನ್ನು ಬಿಟ್ಟರೆ ಈ ದಾರಿ ನಿಂತುಹೋಗುವುದಿಲ್ಲ. ಆದರೆ ಒಂದು ಅಭ್ಯಾಸ ಇಟ್ಟುಕೊಳ್ಳಿ. ಬ್ಲ್ಯಾಕ್ ಮೆಟಲ್‌ನಲ್ಲಿ ಹೊಸ ಬ್ಯಾಂಡು ಹಿಡಿಸಿತು ಅಂದರೆ ಟೀಶರ್ಟ್ ಕೊಳ್ಳುವ ಮುಂಚೆ ಅವರು ಯಾರು, ಏನು ಮಾತಾಡುತ್ತಾರೆ ಅಂತ ಐದು ನಿಮಿಷ ಹುಡುಕಿ. ಒಂಟಿತನ ಕೆಲವರಲ್ಲಿ ಹುಳಿಯಾಗಿ ದ್ವೇಷ ಆಗಿರುತ್ತದೆ.

ಕೋಣೆಯೊಳಗಿನ ಕವಲು

ಡಿಪ್ರೆಸಿವ್ ಕವಲಿನ ಮೂಲ ಹುಡುಕಿದರೆ ನಾರ್ವೆಯದೇ ಸ್ಟ್ರಿಡ್ ಬ್ಯಾಂಡಿನ 1993ರ ಡೆಮೊ, ಅಂದರೆ ಮಾದರಿಗೆ ಮಾಡಿದ ಪುಟ್ಟ ರೆಕಾರ್ಡಿಂಗ್, ಸಿಗುತ್ತದೆ. ಆಮೇಲೆ ಇದು ಬೆಳೆದದ್ದು ಒಂಟಿ ಮನುಷ್ಯರ ಕೋಣೆಗಳಲ್ಲಿ. ಕ್ಯಾಲಿಫೋರ್ನಿಯಾದ ಅಲ್ಹಾಂಬ್ರಾದಲ್ಲಿ ಸ್ಕಾಟ್ ಕಾನರ್, ಮ್ಯಾಲೆಫಿಕ್ ಅನ್ನೋ ಹೆಸರಿಟ್ಟುಕೊಂಡು ಒಬ್ಬನೇ ಮಾಡಿದ ಜಾಸ್ತುರ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಹಿಮವೂ ಇಲ್ಲ ಕಾಡೂ ಇಲ್ಲ, ಬಿಸಿಲಿನ ಊರು. ಆದರೆ ಹಾಡು ಕೇಳಿದರೆ ಕಿಟಕಿ ಮುಚ್ಚಿದ ಕೋಣೆ. ಗಿಟಾರ್ ಶ್ರುತಿ ಚೂರು ಆಚೀಚೆ ಇರುತ್ತದೆ, ಸ್ವರಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಅದರಿಂದ ಹೊಟ್ಟೆಯಲ್ಲಿ ಏನೋ ತೊಳಸಿದ ಹಾಗೆ ಆಗುತ್ತದೆ. 2005ರಲ್ಲಿ ಸನ್ ಓ ಬ್ಯಾಂಡಿನ ಒಂದು ಹಾಡಿಗೆ ಇವನ ದನಿ ಬೇಕಾದಾಗ, ಶವಪೆಟ್ಟಿಗೆಯೊಳಗೆ ಮೈಕ್ ಸಮೇತ ಮಲಗಿಸಿ, ಮುಚ್ಚಳ ಹಾಕಿ, ಶವ ಸಾಗಿಸುವ ಗಾಡಿಯಲ್ಲಿಟ್ಟು ರೆಕಾರ್ಡ್ ಮಾಡಿದರು. ನಾಟಕ ಅನ್ನಿಸಬಹುದು. ಹಾಡು ಕೇಳಿದರೆ ಉಸಿರು ಸಿಗದ ದನಿ ನಿಜಕ್ಕೂ ಹಾಗೇ ಇದೆ. ಖಾಲಿ ಮಂಟಪದ ಉಲ್ಟಾ ಲೆಕ್ಕ ಇದು, ದನಿ ತಿರುಗಲು ಜಾಗವೇ ಇಲ್ಲ. ಅದೇ ಕಾನರ್ 2010ರಲ್ಲಿ ಬ್ಲ್ಯಾಕ್ ಮೆಟಲ್ ಸಾಕು ಅಂತ ನಿಲ್ಲಿಸಿ, ಆಮೇಲೆ ಅದೇ ಹೆಸರಿನಲ್ಲಿ ಅಕೂಸ್ಟಿಕ್ ಗಿಟಾರ್ ಹಿಡಿದ.

ಈ ಕವಲಿಗೆ ಹೋಗುವ ಮುಂಚೆ ನನ್ನ ಮಾತು ಕೇಳಿ. ಇಲ್ಲಿ ಕೆಲವು ಬ್ಯಾಂಡುಗಳು ಸಾವನ್ನೇ ಪರಿಹಾರ ಅನ್ನುವ ಹಾಗೆ ಹಾಡುತ್ತವೆ, ಕವರಿನ ಮೇಲೂ ಅಂಥದ್ದೇ ಚಿತ್ರ. ಅದು ನನಗೆ ಹಿಡಿಸುವುದಿಲ್ಲ, ಹಾಗಾಗಿ ಅವುಗಳ ಹೆಸರೂ ಬರೆದಿಲ್ಲ. ಕೇಳಿ ಎದ್ದ ಮೇಲೆ ನಿಮಗೆ ಹೇಗನ್ನಿಸುತ್ತದೆ ನೋಡಿ. ಹಗುರ ಅನ್ನಿಸಿ ಹಸಿವಾದರೆ ಸರಿ ಹೋಗಿದೆ ಅಂತ. ಆಲ್ಬಮ್ ಮುಗಿದ ಮೇಲೂ ಅದೇ ಯೋಚನೆ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದರೆ, ಯಾರ ಫೋನೂ ಎತ್ತುವುದು ಬೇಡ ಅನ್ನಿಸುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ, ಪ್ಲೇಯರ್ ಆಫ್ ಮಾಡಿ ಮನೆಯವರ ಹತ್ತಿರ ಹೋಗಿ ಕೂತುಕೊಳ್ಳಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಈ ಸಂಗೀತ ಪೂರ್ತಿ ನಿಲ್ಲಿಸಿ, ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಹಗಲೂ ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಕಿವಿಗೆ ಏನು ಹಾಕಿಕೊಳ್ಳಬೇಕು

ದುಬಾರಿ ಹೆಡ್‌ಫೋನ್ ಬೇಡ. ನಾಲ್ಕು ಟ್ರ್ಯಾಕಿನ ರೆಕಾರ್ಡರಿನಲ್ಲಿ ಮಾಡಿದ್ದಕ್ಕೆ ಲಕ್ಷ ರೂಪಾಯಿ ಸುರಿದರೂ ಅದರಲ್ಲಿ ಇಲ್ಲದ್ದು ಕೇಳಿಸುವುದಿಲ್ಲ. ಆದರೆ ಫೋನಿನ ಬಾಸ್ ಬೂಸ್ಟ್, ತ್ರೀ ಡಿ ಸೌಂಡ್ ಇವನ್ನೆಲ್ಲ ಆಫ್ ಮಾಡಿ. ಈ ಹಾಡುಗಳಲ್ಲಿ ಬಾಸ್ ಮೊದಲೇ ಕಡಿಮೆ. ಬಲವಂತವಾಗಿ ಎಬ್ಬಿಸಿದರೆ ಬರೀ ಕಾಲಿನ ಡ್ರಮ್ ದಡದಡ ಅನ್ನುತ್ತದೆ, ಗಿಟಾರ್ ಮುಳುಗಿಹೋಗುತ್ತದೆ.

ಆ್ಯಪ್‌ನಲ್ಲಿ ಕ್ವಾಲಿಟಿಯನ್ನು ಹೈಗೆ ಇಡಿ. ಇದು ಮುಖ್ಯ. ಸಿಂಬಲ್ ಮತ್ತು ಡಿಸ್ಟಾರ್ಷನ್ ಒಂದೇ ಸಮ ಸುರಿಯುವ ಹಾಡನ್ನು ಡೇಟಾ ಉಳಿಸಲು ಹಿಂಡಿದರೆ ಅದು ನೀರಿನೊಳಗಿಂದ ಬಂದ ಹಾಗೆ ಗುಳುಗುಳು ಅನ್ನತೊಡಗುತ್ತದೆ. ಬ್ಯಾಂಡಿನವರು ಬೇಕಂತ ಇಟ್ಟ ಕೊಳಕು ಬೇರೆ, ನಿಮ್ಮ ಫೋನು ಸೇರಿಸಿದ ಕೊಳಕು ಬೇರೆ ಅಲ್ವಾ.

ಸುಮ್ನೆ ಕೂತು ಕೇಳಲು ಆಗದಿದ್ದರೆ ಕೈಗೆ ಏನಾದರೂ ಕೆಲಸ ಕೊಡಿ. ತಲೆ ಖರ್ಚಾಗದ ಕೆಲಸ. ಬಟ್ಟೆ ಮಡಚುವುದು, ಪಾತ್ರೆ ತೊಳೆಯುವುದು. ಓದುತ್ತಾ, ಮೊಬೈಲ್ ನೋಡುತ್ತಾ ಕೇಳಿದರೆ ಬರೀ ಗಲಾಟೆಯಾಗಿಯೇ ಉಳಿಯುತ್ತದೆ. ಗುಂಪಿನಲ್ಲಿ ಕೇಳಲೂ ಬೇಡಿ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಸಾವಿರಾರು ಜನ ಒಂದೇ ದನಿಯಲ್ಲಿ ಹಾಡಿದ್ದನ್ನು ಹೋದವರು ಇವತ್ತಿಗೂ ಹೇಳುತ್ತಾರೆ. ಅದು ಜಾತ್ರೆಯ ಮೆಟಲ್. ಇದನ್ನು ನಾಲ್ಕು ಜನರ ಮುಂದೆ ಹಾಕಿದರೆ ಯಾರಾದರೂ ಒಬ್ಬರು ನಕ್ಕೇ ನಗುತ್ತಾರೆ, ಅಲ್ಲಿಗೆ ಮುಗಿಯಿತು.

ಮುಂದೆ ಎಲ್ಲಿಗೆ

ಇಷ್ಟು ದೂರ ಬಂದವರಿಗೆ ದಾರಿಗಳು ಬೇಕಾದಷ್ಟಿವೆ. ಬೆಳಕಿನ ಕಡೆ ಹೋಗಬೇಕು ಅನ್ನಿಸಿದರೆ ಫ್ರಾನ್ಸಿನ ಅಲ್ಸೆಸ್ಟ್. ನೇಜ್ ಅನ್ನೋ ಹೆಸರಿನ ಸಂಗೀತಗಾರ ಚಿಕ್ಕಂದಿನಲ್ಲಿ ತನಗೆ ಕಾಣುತ್ತಿದ್ದ ಯಾವುದೋ ಬೇರೆ ಲೋಕದ ನೆನಪನ್ನು ಹಿಡಿಯಲು ಮಾಡಿದ್ದು. 2007ರ ಆಲ್ಬಮ್‌ನಲ್ಲಿ ಕಿರುಚುವುದೇ ಇಲ್ಲ, ಮೆಲ್ಲಗೆ ಹಾಡುತ್ತಾನೆ. ಗಿಟಾರ್ ಮಾತ್ರ ಅದೇ ಬ್ಲ್ಯಾಕ್ ಮೆಟಲ್‌ನದು. ಡೆಫ್‌ಹೆವನ್ ಬ್ಯಾಂಡಿನ 2013ರ 'ಸನ್‌ಬೇದರ್' ಗುಲಾಬಿ ಬಣ್ಣದ ಕವರಿನಲ್ಲಿ ಬಂತು. ಹಳೆಯ ಅಭಿಮಾನಿಗಳು ಇವತ್ತಿಗೂ ಅದನ್ನು ಒಪ್ಪಿಲ್ಲ. ನನಗೆ ಇಷ್ಟ.

ದುಃಖಕ್ಕೆ ಕಾರಣ ಬೇಕೇ ಬೇಕು ಅನ್ನುವವರಿಗೆ ಪ್ಯಾನಾಪ್ಟಿಕಾನ್. ಆಸ್ಟಿನ್ ಲನ್ ಒಬ್ಬನೇ ಮಾಡಿದ 2012ರ 'ಕೆಂಟಕಿ' ಆಲ್ಬಮ್ ಬಹುಪಾಲು ಅಮೆರಿಕದ ಆ ರಾಜ್ಯದ ಕಲ್ಲಿದ್ದಲು ಗಣಿಯ ಕೂಲಿಗಳ ಕಥೆ. ಬ್ಯಾಂಜೊ, ಪಿಟೀಲು, ಮುಷ್ಕರದ ಹಳೆಯ ಹಾಡುಗಳು, ಅವುಗಳ ನಡುವೆ ಬ್ಲಾಸ್ಟ್ ಬೀಟ್. ಹೊಂದುವುದಿಲ್ಲ ಅಂದುಕೊಂಡೇ ಹಾಕಿದ್ದೆ, ಚೆನ್ನಾಗಿ ಹೊಂದುತ್ತದೆ. ಹಾರ್ಕಿವ್ ಊರಿನ ಡ್ರೂಡ್ಖ್ ತಮ್ಮ ಉಕ್ರೇನಿನ ಕವಿಗಳ ಪದ್ಯಗಳನ್ನೇ ಹಾಡಾಗಿಸುತ್ತಾರೆ. ಅವರ 2004ರ 'ಆಟಮ್ ಅರೋರಾ' ಮಲೆನಾಡಿನ ಮಳೆ ನಿಂತ ವಾರದಲ್ಲಿ ಕೇಳಲು ಬಹಳ ಚೆನ್ನ.

ಸ್ವಿಟ್ಜರ್ಲೆಂಡಿನ ಪೇಸಾಜ್ ದಿವೇರ್ ಅನ್ನು ಕೊನೆಗೆ ಇಡಿ. ಅದೂ ಒಬ್ಬನದೇ ಕೆಲಸ, ಚಳಿಗಾಲವೊಂದೇ ಅವನ ವಿಷಯ. ಗಾಳಿಯ ಸದ್ದು ಎಲ್ಲಿ ಮುಗಿದು ಗಿಟಾರ್ ಎಲ್ಲಿ ಶುರುವಾಯಿತು ಅಂತ ಹೇಳುವುದು ಕಷ್ಟ. 2020ರ 'ಇಮ್ ವಾಲ್ಡ್' ಎರಡು ಗಂಟೆ ಇದೆ. ಅರ್ಧಕ್ಕೆ ನಿಲ್ಲಿಸಿ ಊಟ ಮಾಡಿ ಬಂದು ಮುಂದುವರಿಸಿದರೂ ಅದು ಬೇಜಾರು ಮಾಡಿಕೊಳ್ಳುವುದಿಲ್ಲ.

ಹಿಡಿಸಿದ್ದನ್ನು ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಳ್ಳಿ, ಸಂಗೀತಗಾರರೇ ತಮ್ಮ ಹಾಡು ಮಾರುವ ವೆಬ್‌ಸೈಟ್ ಅದು. ಇವರಲ್ಲಿ ಬಹಳ ಜನ ಒಬ್ಬೊಬ್ಬರೇ ಕೋಣೆಯಲ್ಲಿ ಕೂತು ಮಾಡುವವರು, ಅಲ್ಲಿ ಕೊಟ್ಟರೆ ದುಡ್ಡಿನ ದೊಡ್ಡ ಪಾಲು ಅವರಿಗೇ ಹೋಗುತ್ತದೆ. ಫೈಲ್ ಮಾತ್ರ ಕೊಂಡರೆ ಸಾಕು. ಕ್ಯಾಸೆಟ್ ಆಸೆಗೆ ಬಿದ್ದರೆ ಕ್ಯಾಸೆಟ್‌ಗಿಂತ ಅಂಚೆ ಖರ್ಚೇ ಜಾಸ್ತಿ ಆಗುತ್ತದೆ, ಆಮೇಲೆ ನುಡಿಸಲು ಪ್ಲೇಯರ್ ಹುಡುಕಿಕೊಂಡು ಅಲೆಯಬೇಕು.